ಹೊಸ ಪಿಕಪ್‌ನ ಮೈಗಿಂತ ಮೊದಲು ಹೊಟ್ಟೆ ನೋಡಿ

ಅರಸೀಕೆರೆ ಕಡೆ ಮನೆಗೆ ಹೊಸ ಗಾಡಿ ಬಂತೆಂದರೆ ಅದರ ಮೊದಲ ಪ್ರಯಾಣ ದೇವರ ಬಳಿಗೆ. ಜೇನುಕಲ್ಲು ಸಿದ್ದೇಶ್ವರನ ಬೆಟ್ಟಕ್ಕೋ ಮಾಲೇಕಲ್ಲು ತಿರುಪತಿಗೋ ಹೋಗಿ, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ ಬರೆಸಿ, ಚೆಂಡುಹೂವಿನ ಹಾರ ಕಟ್ಟಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದ ಮೇಲೆಯೇ ಗಾಡಿ ಮನೆಯದಾಗುವುದು. ಆ ಪೂಜೆ ಆಗಲೇಬೇಕು. ಆದರೆ ಹೊಸ ಪೇಂಟಿಗೆ ತಗಲುವ ಮೊದಲ ಕಲೆಯೂ ಹಲವು ಸಲ ಅದೇ ದಿನದ್ದು. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣವೇ ಹೆಚ್ಚು. ಒದ್ದೆ ಕುಂಕುಮ ಬಿಸಿಲಿಗೆ ಒಣಗಿದರೆ ಬಿಳಿ ಗಾಡಿಯ ಮೇಲೆ ನಸುಗೆಂಪು ಗುರುತು ಉಳಿಯುತ್ತದೆ. ಹಾರ ಬಿಗಿದ ತಂತಿ ದಾರಿಯುದ್ದಕ್ಕೂ ಗಾಳಿಗೆ ಅಲುಗಿ ಗೆರೆ ಕೊರೆಯುತ್ತದೆ. ಸ್ವಸ್ತಿಕವನ್ನು ಮುಂಗಾಜಿನ ಮೂಲೆಯಲ್ಲಿ ಬರೆಸಿ, ಹಾರವನ್ನು ತಂತಿಯ ಬದಲು ನೂಲಿನಲ್ಲಿ ಕಟ್ಟಿಸಿ, ಸಂಜೆಯೊಳಗೆ ಧಾರಾಳ ನೀರು ಸುರಿದು ತೊಳೆದರೆ ಪೂಜೆಯೂ ಪೂರ್ಣ, ಪೇಂಟೂ ಕ್ಷೇಮ.

ಮೊದಲೆಲ್ಲ ಈ ಭಾಗದಲ್ಲಿ ಪಿಕಪ್ ಎಂದರೆ ಕಾಯಿ, ಗೊಬ್ಬರ, ಮೇವು ಹೊರುವ ಗಾಡಿ ಅಷ್ಟೇ. ಈಗ ಹಾಗಿಲ್ಲ. 2016ರಲ್ಲಿ ಇಸುಜು ಕಂಪನಿಯ ಡಿ-ಮ್ಯಾಕ್ಸ್ ವಿ-ಕ್ರಾಸ್ ಬಂತು, 2022ರಲ್ಲಿ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟ ಹೈಲಕ್ಸ್ ಬಂತು. ವಾರವಿಡೀ ತೋಟ, ಭಾನುವಾರ ಮಲೆನಾಡಿನ ಕೆಸರು ಹಾದಿ ಎಂದು ಎರಡಕ್ಕೂ ಸಲ್ಲುವ ನಾಲ್ಕು ಬಾಗಿಲ, ನಾಲ್ಕು ಚಕ್ರ ಚಾಲನೆಯ ಗಾಡಿ ಇವು. ಲಕ್ಷಗಟ್ಟಲೆ ಸುರಿದವರಿಗೆ ಶೋರೂಮಿನಲ್ಲಿಯೇ ಟೆಫ್ಲಾನ್, ಸೆರಾಮಿಕ್, ಪಿಪಿಎಫ್ ಎಂಬ ರಕ್ಷಣಾ ಪದರಗಳ ಪಟ್ಟಿ ಕೈಗೆ ಬರುತ್ತದೆ. ಆ ಪಟ್ಟಿಯಲ್ಲಿ ಇರುವುದೆಲ್ಲ ಕಣ್ಣಿಗೆ ಕಾಣುವ ಮೈಗೆ. ಗಾಡಿಯ ಆಯಸ್ಸು ನಿಂತಿರುವುದು ಕಾಣದ ಹೊಟ್ಟೆಯ ಮೇಲೆ.

ಅರಸೀಕೆರೆಯಿಂದ ಬೇಲೂರಿಗೆ ಹೋಗುವವರು ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73 ಹಿಡಿದು ಬಾಣಾವರ, ಜಾವಗಲ್, ಹಳೇಬೀಡು ದಾಟುತ್ತಾರೆ. ಒಂದೂವರೆ ಗಂಟೆಯ ಈ ದಾರಿಯಲ್ಲಿ ಗಾಡಿ ಎರಡು ಹವಾಮಾನ ಕಾಣುತ್ತದೆ. ಅರಸೀಕೆರೆ ಬಯಲುಸೀಮೆ: ತೆಂಗು, ರಾಗಿ, ಕೆಂಧೂಳು, ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಗಡಸು ಬೋರ್‌ವೆಲ್ ನೀರು. ಬೇಲೂರು ದಾಟಿ ಪಶ್ಚಿಮಕ್ಕೆ ತಿರುಗಿದರೆ ಕಾಫಿ, ಮೆಣಸು, ಬಿಡದ ಮಳೆ, ಟೈರಿಗೆ ಮೆತ್ತಿದರೆ ಬಿಡದ ಕೆಸರು. ಬಯಲುಸೀಮೆ ಪೇಂಟನ್ನು ಗೀರಿ ಕೆಡಿಸುತ್ತದೆ, ಮಲೆನಾಡು ಕಬ್ಬಿಣವನ್ನು ನೆನೆಸಿ ಕೆಡಿಸುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಕಾರ್ಖಾನೆಯ ಪೇಂಟು ಒಂದೇ ಪದರವಲ್ಲ. ತಗಡನ್ನು ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ, ವಿದ್ಯುತ್ ಹರಿಸಿ ಮೂಲೆ ಮೂಲೆಗೂ ತುಕ್ಕುನಿರೋಧಕ ಪದರ ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪು ಕೊಡುವ ಪಾರದರ್ಶಕ ಪದರ. ಎಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಎರಡು ಕೂದಲೆಳೆಯಷ್ಟು. ಅದರಲ್ಲಿ ಮೇಲಿನ ಪಾರದರ್ಶಕ ಪದರದ ಪಾಲು 40–50 ಮೈಕ್ರಾನ್ ಮಾತ್ರ. ಪ್ರತಿ ಸಲ ಪಾಲಿಶ್ ಯಂತ್ರ ಹಾಯಿಸಿದಾಗ ಸವೆಯುವುದು ಈ ಪದರವೇ. ಆದ್ದರಿಂದ ಗೀರು ಬಿದ್ದ ಮೇಲೆ ಪಾಲಿಶ್ ಮಾಡಿಸಿಕೊಳ್ಳೋಣ ಎನ್ನುವುದಕ್ಕಿಂತ ಗೀರು ಬೀಳದಂತೆ ನೋಡಿಕೊಳ್ಳುವುದೇ ಲೇಸು.

ಗೀರು ಹಾಕುವವರು ಹೊರಗಿನವರೇನಲ್ಲ. ಬೆಳಗ್ಗೆ ಎದ್ದು ಒಣಬಟ್ಟೆ ಹಿಡಿದು ಬಾನೆಟ್ಟಿನ ಧೂಳು ಒರೆಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಅರಸೀಕೆರೆಯ ಧೂಳಿನಲ್ಲಿ ನುಣ್ಣನೆಯ ಮರಳಿನ ಕಣವಿದೆ. ಮರಳು ಗಾಜನ್ನೇ ಗೀರಬಲ್ಲದು, ಪೇಂಟು ಯಾವ ಲೆಕ್ಕ? ಒಣಬಟ್ಟೆಯಡಿ ಸಿಕ್ಕ ಕಣ ಬಟ್ಟೆ ಸರಿದಷ್ಟೂ ದೂರ ಸಣ್ಣ ಗೆರೆ ಎಳೆಯುತ್ತದೆ. ಕಪ್ಪು ಅಥವಾ ಗಾಢ ಬಣ್ಣದ ಗಾಡಿಯನ್ನು ಆರು ತಿಂಗಳ ಬಳಿಕ ಬಿಸಿಲಿನಲ್ಲಿ ನಿಲ್ಲಿಸಿ ನೋಡಿದರೆ ಜೇಡನ ಬಲೆಯಂಥ ವೃತ್ತಗಳು ಕಾಣುವುದು ಇದರಿಂದಲೇ. ಧೂಳಿದ್ದರೆ ಮೊದಲು ನೀರು ಹಾಯಿಸಬೇಕು. ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ ಒರೆಸಿ, ಮತ್ತೆ ಅದ್ದುವ ಮುಂಚೆ ಬರೀ ನೀರಿನಲ್ಲಿ ಜಾಲಿಸಬೇಕು. ಮೇಲಿನಿಂದ ಕೆಳಕ್ಕೆ ಬರಬೇಕು, ಬಾಗಿಲ ಕೆಳಭಾಗಕ್ಕೆ ಬೇರೆ ಬಟ್ಟೆ ಇಟ್ಟುಕೊಳ್ಳಬೇಕು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ಬೇಡ. ಮೇಣದ ಪದರವಿದ್ದರೆ ಅವು ಕಿತ್ತು ಹಾಕುತ್ತವೆ. ಬೋರ್‌ವೆಲ್ ನೀರಾದರೆ ತೊಳೆದ ಕೂಡಲೇ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒಣಗಿಸಲೇಬೇಕು. ಇಲ್ಲದಿದ್ದರೆ ಒಂದೊಂದು ಹನಿಯೂ ತನ್ನ ಸುಣ್ಣದಂಶ ಬಿಟ್ಟು ಬಿಳಿ ಉಂಗುರವಾಗಿ ಕೂರುತ್ತದೆ.

ತೆಂಗಿನ ಮರದಡಿ ಗಾಡಿ ನಿಲ್ಲಿಸಬಾರದು ಎಂದು ಅರಸೀಕೆರೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಲಸಿನ ಮರದಡಿ ಮಾತ್ರ ನೆರಳಿದೆಯೆಂದು ನಿಲ್ಲಿಸುತ್ತಾರೆ. ಅದರ ಅಂಟು ಮತ್ತು ಹಣ್ಣಿಗೆ ಬರುವ ಹಕ್ಕಿಗಳ ಹಿಕ್ಕೆ ಎರಡೂ ಪೇಂಟಿಗೆ ಹಗೆ. ಹಿಕ್ಕೆಯ ಆಮ್ಲ ಬಿಸಿಲಿಗೆ ಕಾದ ಪದರವನ್ನು ಒಂದೆರಡು ದಿನದಲ್ಲಿ ಕೊರೆದು ಗುಳಿ ಮಾಡುತ್ತದೆ. ಉಗುರಿನಲ್ಲಿ ಕೆರೆಯದೆ, ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹೊದಿಸಿಟ್ಟು ನೆನೆದ ಮೇಲೆ ಎತ್ತಿದರೆ ಸಾಕು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಬೇಲೂರಿನ ಚೆನ್ನಕೇಶವ ದೇಗುಲವನ್ನು, ಹಳೇಬೀಡಿನ ಹೊಯ್ಸಳೇಶ್ವರ ದೇಗುಲವನ್ನು ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಅದು ಮೆದು, ಗಾಳಿಗೆ ಒಡ್ಡಿಕೊಳ್ಳುತ್ತ ಗಟ್ಟಿಯಾಗುತ್ತದೆ ಎಂದು ಅಲ್ಲಿಗೆ ಬಂದವರಿಗೆಲ್ಲ ಗೈಡುಗಳು ಹೇಳುತ್ತಾರೆ. ಹೊಸ ಗಾಡಿಯ ಪೇಂಟೂ ಹಾಗೆಯೇ, ಮೂರು ತಿಂಗಳು ಬಿಟ್ಟು ಮೇಲೇನಾದರೂ ಹಾಕಿಸಬೇಕು ಎಂಬ ಮಾತು ಬಳಕೆಯಲ್ಲಿದೆ. ಅದು ನಿಜವಲ್ಲ. ಕಾರ್ಖಾನೆಯಲ್ಲಿ ಪೇಂಟನ್ನು 140 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಒಲೆಯಲ್ಲಿ ಬೇಯಿಸಿಯೇ ಹೊರಗೆ ಬಿಡುತ್ತಾರೆ. ಗಾಡಿ ಮನೆಗೆ ಬರುವ ಹೊತ್ತಿಗೆ ಅದು ಪೂರ್ತಿ ಗಟ್ಟಿಯಾಗಿರುತ್ತದೆ. ಕಾಯಬೇಕಾದ್ದು ಅಪಘಾತವಾಗಿ ಗ್ಯಾರೇಜಿನಲ್ಲಿ ಮತ್ತೆ ಪೇಂಟು ಹೊಡೆಸಿದಾಗ, ಅದೂ ಸುಮಾರು ಒಂದು ತಿಂಗಳು. ಹೊಸ ಗಾಡಿಗೆ ರಕ್ಷಣೆ ಹಾಕಿಸುವುದಿದ್ದರೆ ಮೊದಲ ಗೀರು ಬೀಳುವ ಮುಂಚಿನ ವಾರವೇ ಸರಿಯಾದ ಕಾಲ.

ಯಾವುದನ್ನು ಹಾಕಿಸಬೇಕು? ಸೆರಾಮಿಕ್ ಕೋಟಿಂಗ್ ಒಂದೆರಡು ಮೈಕ್ರಾನ್ ದಪ್ಪದ ಸಿಲಿಕಾ ಪದರ. ನೀರು ಜಾರುತ್ತದೆ, ಕೆಸರು ಬೇಗ ಬಿಡುತ್ತದೆ, ಹೊಳಪು ಉಳಿಯುತ್ತದೆ. ಆದರೆ ಎದುರಿನ ಟಿಪ್ಪರ್ ಚಕ್ರದಿಂದ ಚಿಮ್ಮಿದ ಜಲ್ಲಿಗೆ, ಜಾಲಿಯ ಮುಳ್ಳಿಗೆ ಅದು ಅಡ್ಡ ನಿಲ್ಲಲಾರದು. ಅಡ್ಡ ನಿಲ್ಲುವುದು ಪಿಪಿಎಫ್, ಅಂದರೆ 150–200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ. ಅದು ಪೇಂಟಿಗಿಂತಲೂ ದಪ್ಪ. ಒಳ್ಳೆಯ ಹಾಳೆಯಾದರೆ ಸಣ್ಣ ಗೀರು ಬಿಸಿಲಿನ ಕಾವಿಗೆ ತಾನೇ ಮಾಯುತ್ತದೆ. ಇಡೀ ಪಿಕಪ್‌ಗೆ ಹೊದಿಸುವುದು ಲಕ್ಷದ ಮಾತು. ಕಾಡುಹಾದಿಯ ಗಾಡಿಗೆ ಅಷ್ಟು ಬೇಕಿಲ್ಲ. ಬಾನೆಟ್ಟಿನ ಮುಂಭಾಗ, ಬಂಪರ್, ಕನ್ನಡಿಯ ಬೆನ್ನು, ಬಾಗಿಲಿನ ಕೆಳಗಿನ ಮೂರನೆಯ ಒಂದು ಪಾಲು, ಹಿಂಚಕ್ರದ ಮುಂದಿನ ಕಮಾನು, ಬಾಗಿಲ ಹಿಡಿಕೆಯ ಗುಳಿ: ಏಟು ಬೀಳುವುದೆಲ್ಲ ಇಲ್ಲೇ. ಇಷ್ಟಕ್ಕೆ ಹಾಳೆ ಹೊದಿಸಿ ಉಳಿದ ಮೈಗೆ ವರ್ಷಕ್ಕೆ ಎರಡು–ಮೂರು ಸಲ ಮೇಣ ಹಚ್ಚಿದರೆ ಸಾಕು. ಉಳಿದ ಹಣದಲ್ಲಿ ಅಗಲವಾದ ಮಡ್ ಫ್ಲ್ಯಾಪ್ ಹಾಕಿಸುವುದು ಒಳ್ಳೆಯದು. ಗಾಡಿಯ ಬಾಗಿಲಿಗೆ ಜಲ್ಲಿ ಹೊಡೆಯುವುದು ಹೆಚ್ಚಾಗಿ ಅದರದೇ ಮುಂಚಕ್ರ. ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟಿಸುವ ಆಸೆ ಮಾತ್ರ ಬಿಡಬೇಕು. ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ಇನ್ನು ಹಿಂದಿನ ತೊಟ್ಟಿ. ಬೇಲೂರು ಕಡೆಯ ಬೆಳೆಗಾರರು ಒಮ್ಮೆ ನಿಂತು ನೋಡಬೇಕಾದ ವಿಷಯ ಇಲ್ಲಿದೆ.

ಮಳೆಗಾಲಕ್ಕೆ ಮುನ್ನ ಮೆಣಸಿಗೆ, ಕಾಫಿಗೆ, ಅಡಿಕೆಗೆ ಬೋರ್ಡೋ ಎಂಬ ಶಿಲೀಂಧ್ರನಾಶಕ ಹೊಡೆಯುತ್ತಾರೆ. ಶೇ. 1ರ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಬೆರಕೆ ಸರಿಯಾಗಿದೆಯೇ ಎಂದು ನೋಡಲು ತೋಟದವರು ಉಜ್ಜಿ ಬೆಳಗಿದ ಚಾಕುವನ್ನೋ ಕತ್ತಿಯನ್ನೋ ಅದರಲ್ಲಿ ಅದ್ದುತ್ತಾರೆ. ಒಂದು ನಿಮಿಷ ಬಿಟ್ಟು ಎತ್ತಿದಾಗ ಅಲಗಿನ ಮೇಲೆ ಇಟ್ಟಿಗೆ ಬಣ್ಣದ ತೆಳು ಲೇಪ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ. ಆ ಒಂದು ನಿಮಿಷದಲ್ಲಿ ನಡೆದದ್ದೇನು? ತಾಮ್ರ ಬಂದು ಕೂತಿತು, ಅದರ ಜಾಗಕ್ಕೆ ಕಬ್ಬಿಣ ಕರಗಿ ನೀರಿಗಿಳಿಯಿತು. ಮೈಲುತುತ್ತದ ಚೀಲ ಹರಿದು ಪುಡಿ ಚೆಲ್ಲಿದ ಪಿಕಪ್ ತೊಟ್ಟಿಯಲ್ಲಿ, ಪೇಂಟು ಎದ್ದ ಕಡೆಯೆಲ್ಲ ನಡೆಯುವುದೂ ಇದೇ, ಒಂದು ನಿಮಿಷವಲ್ಲ, ಮಳೆಗಾಲ ಪೂರ್ತಿ. ತಗಡಿಗೆ ಸತುವಿನ ಲೇಪವಿದ್ದರೆ ಮೈಲುತುತ್ತ ಮೊದಲು ಸತುವನ್ನು ತಿನ್ನುತ್ತದೆ, ಆಮೇಲೆ ಕಬ್ಬಿಣಕ್ಕೆ ಬಾಯಿ ಹಾಕುತ್ತದೆ. ಕಾಫಿಯ ಎಲೆ ತುಕ್ಕು ರೋಗಕ್ಕೆ ತಂದ ಮದ್ದು ಗಾಡಿಗೆ ನಿಜವಾದ ತುಕ್ಕು ಹಿಡಿಸುತ್ತದೆ.

ಪೊಟ್ಯಾಷ್ ಗೊಬ್ಬರವೂ ಕಡಿಮೆಯದಲ್ಲ. ತೋಟಕ್ಕೆ ಹಾಕುವ ಎಂಒಪಿ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡಿಗೆ ಉಪ್ಪಿನ ಹತ್ತಿರದ ಸಂಬಂಧಿ. ಕಬ್ಬಿಣದ ಮಟ್ಟಿಗೆ ಎರಡೂ ಒಂದೇ. ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರದ ತೇವ ಮತ್ತು ಅಮೋನಿಯಾ ಬೇರೆ. ಆದ್ದರಿಂದ ಹೊಸ ಗಾಡಿಗೆ ಮೊದಲ ಲೋಡು ಹಾಕುವ ಮುಂಚೆಯೇ ತೊಟ್ಟಿಗೆ ಲೈನರ್ ಬೇಕು. ಪ್ಲಾಸ್ಟಿಕ್ಕಿನ ಸಿದ್ಧ ಲೈನರ್ ಅಗ್ಗ, ಆದರೆ ಅದರಡಿ ಮರಳು, ನೀರು ನುಗ್ಗಿ ಕುಲುಕಾಟಕ್ಕೆ ಪೇಂಟನ್ನು ಉಜ್ಜುತ್ತದೆ. ಅದನ್ನೇ ಹಾಕಿಸಿದರೆ ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಬಿಚ್ಚಿ ತೊಳೆಯಬೇಕು. ಸಿಂಪಡಿಸಿ ಅಂಟಿಸುವ ಪಾಲಿಯುರಿಯಾ ಲೈನರ್ ದುಬಾರಿಯಾದರೂ ತಗಡಿಗೆ ಕಚ್ಚಿ ಕೂರುತ್ತದೆ, ಒಳಗೆ ನೀರು ಬಿಡದು. ಯಾವುದೇ ಇರಲಿ, ಗೊಬ್ಬರ, ಮೈಲುತುತ್ತ ಹೇರುವ ದಿನ ಟಾರ್ಪಾಲು ಹಾಸಿ, ಇಳಿಸಿದ ಸಂಜೆಯೇ ತೊಳೆಯಬೇಕು. ಅರಸೀಕೆರೆಯ ಸಂತೆಗೆ ಎಳನೀರು ಒಯ್ಯುವವರಿಗೂ ಇದೇ ಮಾತು. ಒಡೆದ ಕಾಯಿಯ ನೀರು ತೊಟ್ಟಿಯ ಮೂಲೆಯಲ್ಲಿ ಹುಳಿಯುತ್ತ ಕೂರುತ್ತದೆ.

ಈಗ ಹೊಟ್ಟೆಯ ಮಾತು. ಪಿಕಪ್‌ನ ಕೆಳಗೆ ಏಣಿಯಂತೆ ಎರಡು ಉದ್ದನೆಯ ಉಕ್ಕಿನ ತೊಲೆಗಳಿರುತ್ತವೆ. ಬಾಡಿ, ಎಂಜಿನ್, ತೊಟ್ಟಿ ಎಲ್ಲ ನಿಂತಿರುವುದು ಚಾಸಿ ಎನ್ನುವ ಈ ಚೌಕಟ್ಟಿನ ಮೇಲೆ. ಈ ತೊಲೆಗಳು ಬಹುಪಾಲು ಪೊಳ್ಳು ಪೆಟ್ಟಿಗೆಗಳು, ಪಕ್ಕದಲ್ಲಿ ತೂತುಗಳಿರುತ್ತವೆ. ಕೆಸರಿನಲ್ಲಿ ಓಡಿದಾಗ ಆ ತೂತುಗಳಿಂದ ಒಳನುಗ್ಗಿದ ರಾಡಿ ಒಳಗೇ ಒಣಗುತ್ತದೆ, ಮುಂದಿನ ಮಳೆಗೆ ಮತ್ತೆ ನೆನೆಯುತ್ತದೆ. ತುಕ್ಕು ಹೊರಗಿನಿಂದ ಒಳಕ್ಕೆ ಬರುತ್ತದೆ ಎಂದುಕೊಂಡವರು ಮೋಸಹೋಗುವುದು ಇಲ್ಲೇ. ಒಳಗಿನಿಂದ ತಿಂದ ಚಾಸಿ ಹೊರಗೆ ತೋರಿಸುವ ಹೊತ್ತಿಗೆ ತೂತಾಗಿರುತ್ತದೆ.

ಇದು ಅತಿಯ ಮಾತೇನಲ್ಲ. ಅಮೆರಿಕದಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಟೊಯೋಟದ ಟಕೋಮ, ಟಂಡ್ರ, ಸೆಕೋಯ ಗಾಡಿಗಳ ಚಾಸಿ ತುಕ್ಕು ಹಿಡಿದು ತೂತಾದ ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳಿಗೆ ಅನ್ವಯವಾಗುವ, 340 ಕೋಟಿ ಡಾಲರ್‌ವರೆಗಿನ ರಾಜಿಗೆ ಕಂಪನಿ ಒಪ್ಪಿತು. ಚಾಸಿಯಲ್ಲಿ 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ತೂತು ಕಂಡರೆ ಹೊಸ ಚಾಸಿ ಎಂಬುದು ಅಳತೆಗೋಲು. ಹಾಸನ ಜಿಲ್ಲೆಯ ರಸ್ತೆಗೆ ಯಾರೂ ಉಪ್ಪು ಸುರಿಯುವುದಿಲ್ಲ. ಆದರೆ ಪೊಟ್ಯಾಷ್ ಇದೆ. ಚಾರ್ಮಾಡಿ ಇಳಿದರೆ ಮಂಗಳೂರಿನ ಕಡಲಗಾಳಿ ಇದೆ. ಪಣಂಬೂರಿನ ಕಡೆ ಹೋಗಿ ಬಂದ ಗಾಡಿಯನ್ನು ಮರುದಿನವೇ ಕೆಳಗಿನಿಂದ ಸಿಹಿನೀರಿನಲ್ಲಿ ತೊಳೆಸಬೇಕು.

ಕಾಫಿ ತೋಟಗಳ ಹಳೆಯ ಜೀಪುಗಳಿಗೆ ಒಂದು ಮನೆಮದ್ದಿತ್ತು. ಎಂಜಿನ್ನಿನಿಂದ ಇಳಿಸಿದ ಸುಟ್ಟ ಎಣ್ಣೆಯನ್ನು ಬ್ರಷ್‌ನಲ್ಲಿ ಕೆಳಗೆಲ್ಲ ಬಳಿಯುವುದು. ಕಬ್ಬಿಣ ನೀರಿನಿಂದ ದೂರ ಇರಬೇಕೆಂಬ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸುಟ್ಟ ಎಣ್ಣೆಯಲ್ಲಿ ಆಮ್ಲವಿರುತ್ತದೆ, ಲೋಹದ ಸವಕಲು ಇರುತ್ತದೆ. ರಬ್ಬರ್ ಬುಷ್ಷುಗಳು ಉಬ್ಬಿ ಹಾಳಾಗುತ್ತವೆ, ಮಳೆಗೆ ತೊಳೆದು ತೋಟದ ಮಣ್ಣಿಗೂ ಹಳ್ಳಕ್ಕೂ ಇಳಿಯುತ್ತದೆ. ಇಂದಿನ ಗಾಡಿಗೆ ಅದು ಬೇಡವೇ ಬೇಡ.

ಪೇಟೆಯಲ್ಲಿ ಸಿಗುವ ಅಂಡರ್‌ಬಾಡಿ ಕೋಟಿಂಗ್‌ಗಳಲ್ಲಿ ಹೆಚ್ಚಿನವು ಟಾರು ಅಥವಾ ರಬ್ಬರ್ ಬೆರೆಸಿದ ದಪ್ಪ ಲೇಪ. ಕಲ್ಲಿನ ಸದ್ದು ಕಡಿಮೆಯಾಗುತ್ತದೆ, ಚಕ್ರದ ಕಮಾನಿಗೆ ಒಳ್ಳೆಯದು. ಆದರೆ ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಲೇಪದಡಿ ಅಡಗಿ ಕೂತು, ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುತ್ತದೆ. ಚಾಸಿಗೆ ಮೇಣದ ಅಥವಾ ಕುರಿಯುಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೋಲಿನ್ ಲೇಪವೇ ಮೇಲು. ಅವು ಮೆತ್ತಗೇ ಉಳಿಯುತ್ತವೆ, ಸಣ್ಣ ಗಾಯವನ್ನು ತಾವೇ ಮುಚ್ಚುತ್ತವೆ, ತುಕ್ಕು ಹಿಡಿದರೆ ಕಾಣುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ, ಮತ್ತೆ ಹಚ್ಚಬೇಕಾದ್ದೊಂದೇ ತೊಡಕು. ಪೊಳ್ಳು ತೊಲೆಯೊಳಕ್ಕೆ ಉದ್ದ ಕೊಳವೆಯಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸುವವರು ಸಿಕ್ಕರೆ ಅದನ್ನು ಬಿಡಬಾರದು. ಹೊಸ ಗಾಡಿಯಲ್ಲಿ ಕಬ್ಬಿಣ ಚೊಕ್ಕಟವಾಗಿರುವಾಗಲೇ ಇದು ಸುಲಭ.

ಕೋಟಿಂಗ್ ಹೊಡೆಸುವಾಗ ಮಾಲೀಕರು ಅಲ್ಲೇ ನಿಂತಿರಬೇಕು. ಸೈಲೆನ್ಸರ್, ಹೊಗೆ ಶೋಧಕ, ಬ್ರೇಕ್ ಡಿಸ್ಕು, ಸೆನ್ಸರುಗಳು, ಪ್ರೊಪೆಲ್ಲರ್ ಶಾಫ್ಟು, ರಬ್ಬರ್ ಬುಷ್ಷು ಇವುಗಳ ಮೇಲೆ ಒಂದು ಹನಿಯೂ ಬೀಳಬಾರದು. ಬಾಗಿಲ ಅಡಿಯಲ್ಲಿ, ಚಾಸಿಯ ತಳದಲ್ಲಿ ನೀರು ಬಸಿಯುವ ಸಣ್ಣ ತೂತುಗಳಿವೆ. ಅವಸರದ ಕೈ ಅವನ್ನು ಮುಚ್ಚಿಬಿಟ್ಟರೆ ಒಳಗೆ ನಿಂತ ನೀರು ರಕ್ಷಣೆಯ ಹೆಸರಿನಲ್ಲೇ ಗಾಡಿಯನ್ನು ಕೊಲ್ಲುತ್ತದೆ. ಕೆಲಸದಿಂದ ಕಂಪನಿಯ ವಾರಂಟಿಗೆ ಧಕ್ಕೆಯಿಲ್ಲ ಎಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.

ಅರಸೀಕೆರೆ ಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಇನ್ನೊಂದು ಅಪಾಯ ರಸ್ತೆಯ ಮೇಲೇ ಹರಡಿರುತ್ತದೆ. ಕಣಕ್ಕೆ ಜಾಗವಿಲ್ಲದೆ ಹುರುಳಿ, ರಾಗಿಯ ತೆನೆಯನ್ನು ಟಾರು ರಸ್ತೆಗೆ ಹಾಕುತ್ತಾರೆ, ಗಾಡಿಗಳ ಚಕ್ರವೇ ಒಕ್ಕಲು ಮಾಡುತ್ತದೆ. ಹುರುಳಿ ಬಳ್ಳಿ ತಿರುಗುವ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಂಡು ಸೈಲೆನ್ಸರ್‌ಗೆ ತಾಗುತ್ತದೆ. 2020ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳ ಹೊಗೆ ಶೋಧಕ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವಾಗ ಒಳಗಿನ ಶಾಖ 600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಒಣಹುಲ್ಲಿಗೆ ಅದರ ಅರ್ಧವೂ ಬೇಡ. ಹೀಗೆ ರಾಜ್ಯದ ರಸ್ತೆಗಳಲ್ಲಿ ಗಾಡಿಗಳು ಹೊತ್ತಿ ಉರಿದದ್ದುಂಟು. ಒಕ್ಕಲು ಹಾಸಿದ ರಸ್ತೆ ದಾಟಿದ ಮೇಲೆ ಒಂದು ನಿಮಿಷ ನಿಲ್ಲಿಸಿ, ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಬೇಕು. ಸ್ಕಿಡ್ ಪ್ಲೇಟ್ ಹಾಕಿಸಿದವರಿಗೆ ಇದು ಇನ್ನೂ ಮುಖ್ಯ. ಎಂಜಿನ್ನಿನ ಚೇಂಬರ್, ಡೀಸೆಲ್ ಟ್ಯಾಂಕಿಗೆ ಆ ಉಕ್ಕಿನ ತಟ್ಟೆ ಕಲ್ಲಿನಿಂದ ರಕ್ಷಣೆ ಕೊಡುತ್ತದೆ. ಅದರ ಮೇಲ್ಮೈಯೇ ಹುಲ್ಲು, ಕೆಸರು ತುಂಬುವ ಹರಿವಾಣವೂ ಆಗುತ್ತದೆ. ಎರಡು ತಿಂಗಳಿಗೊಮ್ಮೆ ತಟ್ಟೆ ಬಿಚ್ಚಿ ಅವನ್ನು ತೆಗೆಯಬೇಕು.

ಹೈಲಕ್ಸ್ 700 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎನ್ನುತ್ತದೆ ಕಂಪನಿ. ಆದರೆ ದಾಟಿದ ಮೇಲಿನ ಕೆಲಸ ಮಾಲೀಕರದು. ಹಿಂದಿನ ಆಕ್ಸಲ್ ಹೌಸಿಂಗ್‌ನ ಎಣ್ಣೆ ಒಮ್ಮೆ ನೋಡಿಸಬೇಕು. ಕಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುವುದುಂಟು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಂದೇ ಬದಲಿಸಬೇಕು.

ಇಷ್ಟೆಲ್ಲ ಲೇಪಗಳಿಗಿಂತ ಹೆಚ್ಚಿನದು ಕೆಸರಿನಿಂದ ಬಂದ ಎರಡು ದಿನದೊಳಗಿನ ಒಂದು ವಾಟರ್ ಸರ್ವಿಸ್. ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಸಿ, ಚಾಸಿಯ ಮೇಲ್ಮೈ, ತೊಟ್ಟಿ ಮತ್ತು ಚಾಸಿಯ ನಡುವಿನ ಸಂದು, ಸ್ಟೆಪ್ನಿ ಚಕ್ರದ ಹಿಂಬದಿ, ಪಟ್ಟೆ ಸ್ಪ್ರಿಂಗ್, ಚಕ್ರದ ಕಮಾನಿನ ಒಳ ಅಂಚು, ಹಿಂಬಾಗಿಲ ಕೀಲು ಇಷ್ಟನ್ನು ಹೆಸರಿಟ್ಟು ಹೇಳಿ ತೊಳೆಸಬೇಕು. ಹೇಳದಿದ್ದರೆ ಕಾಣುವ ಕಡೆ ಮಾತ್ರ ನೀರು ಬೀಳುತ್ತದೆ. ತೊಲೆಯ ತೂತಿಗೆ ಪೈಪು ಹಿಡಿದು, ಇನ್ನೊಂದು ತುದಿಯಿಂದ ತಿಳಿನೀರು ಬರುವವರೆಗೂ ಬಿಡಬೇಕು. ರೇಡಿಯೇಟರ್ ರೆಕ್ಕೆ, ವೈರಿನ ಜೋಡಣೆ, ಪಿಪಿಎಫ್ ಅಂಚಿಗೆ ಒತ್ತಡದ ನೀರು ಹತ್ತಿರದಿಂದ ಬೇಡ. ಘಟ್ಟ ಇಳಿದು ಬಂದ ಬಿಸಿ ಬ್ರೇಕಿಗೆ ತಣ್ಣೀರು ಬೇಡ. ಅರ್ಧ ಗಂಟೆ ಆರಲಿ.

ತೊಳೆಯುವ ಜಾಗದ ಬಗ್ಗೆ ಕೊನೆಯದಾಗಿ ಒಂದು ಕೋರಿಕೆ. ಕೆರೆಯ ಏರಿಯಲ್ಲಿ, ಹೊಳೆಯ ಕಡವಿನಲ್ಲಿ ಗಾಡಿ ಇಳಿಸಿ ತೊಳೆಯುವ ರೂಢಿ ಈ ಭಾಗದಲ್ಲಿ ಇನ್ನೂ ಇದೆ. ಚಾಸಿಯ ಗ್ರೀಸು, ಡೀಸೆಲ್, ಮೈಲುತುತ್ತ, ಶಾಂಪೂ ಎಲ್ಲ ನೇರ ನೀರಿಗೆ ಸೇರುತ್ತವೆ. ಹಳೇಬೀಡಿನ ದ್ವಾರಸಮುದ್ರ ಕೆರೆಯೂ ಬೇಲೂರಿನ ಯಗಚಿಯೂ ದನಕರು ಕುಡಿಯುವ, ಗದ್ದೆಗೆ ಹಾಯುವ ನೀರು. ದಯವಿಟ್ಟು ಗಾಡಿಯನ್ನು ಅಲ್ಲಿಗೆ ಇಳಿಸಬೇಡಿ. ಎಣ್ಣೆ ಬೇರ್ಪಡಿಸುವ ಗುಂಡಿ ಇರುವ ಸರ್ವಿಸ್ ಸ್ಟೇಷನ್ನಿಗೇ ಒಯ್ಯಿರಿ.